ಸಾಕೋ, ಸಾಲದೋ?

ನನಗೆ ಒಂದೂವರೆ ಮಗ್ಗಿ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಹರಟೆ ಮುಗಿಯುವ ಹೊತ್ತಿಗೆ ನನ್ನ ಲೆಕ್ಕದ ಬಗ್ಗೆ ನಿಮಗೆ ಗೌರವ ಅಂತ ಏನಾದರೂ ಉಳಿದಿದ್ದರೆ ಅದು ಆ ಮಗ್ಗಿಯಿಂದಲೇ. ಒಂದ್ ಒಂದೂವರೆ ಒಂದೂವರೆ, ಎರಡ್ ಒಂದೂವರೆ ಮೂರು, ಮೂರ್ ಒಂದೂವರೆ ನಾಲ್ಕೂವರೆ. ಮೇಷ್ಟರ ಬೆತ್ತವೇ ತಾಳ, ನಮ್ಮ ಅಂಗೈಯೇ ಮೃದಂಗ. ಆ ಸಂಗೀತದ ಬಲದ ಮೇಲೆ ಬ್ಯಾಂಕಿನಲ್ಲಿ 34 ವರ್ಷ ದುಡಿದವನು ನಾನು. ಸಂಜೆ ಕ್ಯಾಶು ಹತ್ತು ಪೈಸೆ ತಾಳೆಯಾಗದಿದ್ದರೆ ರಾತ್ರಿ ಎಂಟಾದರೂ ಕುರ್ಚಿ ಬಿಟ್ಟು ಏಳದ ಕಾಲ ಅದು. ಲೆಕ್ಕ ಎಂದಮೇಲೆ ಉತ್ತರ ಬರಬೇಕು, ಉತ್ತರದ ಕೆಳಗೆ ಎರಡು ಗೆರೆ ಎಳೆಯಬೇಕು. ಇದು ನನ್ನ ಧರ್ಮ.

ಈ ಧರ್ಮಕ್ಕೆ ಚ್ಯುತಿ ತಂದವಳು ನನ್ನ ತಮ್ಮನ ಮಗಳು.

ಅವರ ಮನೆಗೆ ಸುಣ್ಣಬಣ್ಣ ನಡೆಯುತ್ತಿತ್ತು. ಓದಿಕೊಳ್ಳಲು ಜಾಗವಿಲ್ಲ ಎಂದು ಪುಟ್ಟಿ ಒಂದು ತಿಂಗಳ ಮಟ್ಟಿಗೆ ನಮ್ಮ ಮನೆಗೆ ಬಂದಳು. ಓದು ಎಂದರೆ ಜಿಮ್ಯಾಟ್. ವಿದೇಶದಲ್ಲಿ ಎಂಬಿಎ ಮಾಡಬೇಕೆನ್ನುವವರು ಬರೆಯುವ ಪರೀಕ್ಷೆ. 64 ಪ್ರಶ್ನೆ, ಎರಡೂಕಾಲು ಗಂಟೆ. ಮೂರು ವಿಭಾಗ, ಒಂದೊಂದಕ್ಕೂ 45 ನಿಮಿಷ.

"ಲೆಕ್ಕದಲ್ಲಿ ಏನಾದರೂ ಸಂಶಯ ಬಂದರೆ ಕೇಳಮ್ಮ, ಸಂಕೋಚ ಬೇಡ" ಎಂದೆ, ಕನ್ನಡಕ ಒರೆಸಿಕೊಳ್ಳುತ್ತಾ.

ಅವಳು ಕೇಳಿಯೇಬಿಟ್ಟಳು. "ಎನ್ ಅನ್ನೋದು ಒಂದು ಪೂರ್ಣಾಂಕ ದೊಡ್ಡಪ್ಪ. ಅದು 24ರಿಂದ ಭಾಗವಾಗುತ್ತಾ?"

"ಎನ್ ಎಷ್ಟು?"

"ಅದು ಗೊತ್ತಿಲ್ಲ."

"ಗೊತ್ತಿಲ್ಲದ ಮೇಲೆ ನಾನು ಯಾವುದನ್ನಮ್ಮ ಭಾಗಿಸಲಿ?"

"ನೀವು ಭಾಗಿಸೋದೇ ಬೇಡ. ಎರಡು ಹೇಳಿಕೆ ಕೊಡ್ತಾರೆ. ಅವುಗಳಿಂದ ಉತ್ತರ ಹೇಳೋಕೆ ಆಗುತ್ತಾ ಇಲ್ವಾ, ಅಷ್ಟು ಹೇಳಿದ್ರೆ ಸಾಕು. ಉತ್ತರ ಬೇಡ."

ಉತ್ತರ ಬೇಡ! ಈ ಮಾತು ಕಿವಿಗೆ ಬಿದ್ದಾಗ ನಮ್ಮ ಮೇಷ್ಟರು ಮೇಲೆ ಎಲ್ಲೋ ಬೆತ್ತ ಕೆಳಗಿಟ್ಟಿರಬೇಕು. ಊಟಕ್ಕೆ ಕರೆದು, ಎಲೆ ಹಾಕಿ, 'ಬಡಿಸುವುದಿಲ್ಲ, ನಿಮಗೆ ಹಸಿವಿದೆಯೋ ಇಲ್ಲವೋ ಹೇಳಿ ಎದ್ದುಹೋಗಿ' ಎಂದ ಹಾಗೆ.

ಈ ಜಾತಿಯ ಪ್ರಶ್ನೆಗೆ ಡೇಟಾ ಸಫಿಶಿಯನ್ಸಿ ಎಂದು ಹೆಸರು. ಕೊಟ್ಟ ಮಾಹಿತಿ ಸಾಕೋ, ಸಾಲದೋ ಎಂದು ತೀರ್ಮಾನಿಸುವ ಪಂಚಾಯ್ತಿ. ಹಿಂದೆ ಇದು ಗಣಿತದ ವಿಭಾಗದಲ್ಲಿತ್ತಂತೆ. 2023ರ ಕೊನೆಗೆ ಪರೀಕ್ಷೆ ಹೊಸ ವೇಷ ಹಾಕಿಕೊಂಡು ಬಂದಾಗ ಇದಕ್ಕೆ 'ಡೇಟಾ ಇನ್‌ಸೈಟ್ಸ್' ಎಂಬ ವಿಭಾಗಕ್ಕೆ ವರ್ಗವಾಯಿತು. ಅಲ್ಲಿ 45 ನಿಮಿಷಕ್ಕೆ 20 ಪ್ರಶ್ನೆ, ಅಂದರೆ ಒಂದಕ್ಕೆ ಎರಡೂಕಾಲು ನಿಮಿಷ. ಪರದೆಯ ಮೇಲೆ ಕ್ಯಾಲ್ಕುಲೇಟರ್ ಬೇರೆ ಕೊಡುತ್ತಾರೆ. ಒತ್ತೋಣವೆಂದರೆ ಅಂಕಿಯೇ ಇಲ್ಲ! ನಮ್ಮ ಐಎಎಸ್ ಪ್ರಿಲಿಮ್ಸ್‌ನ ಸಿಸ್ಯಾಟ್ ಪತ್ರಿಕೆಯಲ್ಲೂ ಈಚೆಗೆ ಇದೇ ಬಳಗದ ಪ್ರಶ್ನೆಗಳು ಬಂದು ಕೂತಿವೆ. ಬ್ಯಾಂಕ್ ಪರೀಕ್ಷೆಯಲ್ಲೂ ಇವೆ. ಪುಣ್ಯಕ್ಕೆ ನಾನು ಬರೆದಾಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಇಲ್ಲದಿದ್ದರೆ ಇವತ್ತು ಪಿಂಚಣಿ ಎಲ್ಲಿ?

ಆಯ್ಕೆಗಳು ಐದು. ಯಾವ ಪ್ರಶ್ನೆಗಾದರೂ ಅವೇ ಐದು, ಅದೇ ಕ್ರಮ. ಎ ಎಂದರೆ ಒಂದನೇ ಹೇಳಿಕೆಯೊಂದೇ ಸಾಕು. ಬಿ ಎಂದರೆ ಎರಡನೆಯದೊಂದೇ ಸಾಕು. ಸಿ ಎಂದರೆ ಬಿಡಿಬಿಡಿಯಾಗಿ ಸಾಲದು, ಎರಡೂ ಸೇರಿದರೆ ಸಾಕು. ಡಿ ಎಂದರೆ ಯಾವುದೊಂದನ್ನು ಹಿಡಿದರೂ ಸಾಕು. ಇ ಎಂದರೆ ಎರಡೂ ಸೇರಿದರೂ ಸಾಲದು, ಕೈಮುಗಿದು ಎದ್ದುಬಿಡಿ. ಒಂದನೆಯದು ಸಾಕು ಅನ್ನಿಸಿತೋ, ಕಣದಲ್ಲಿ ಉಳಿಯುವುದು ಎ ಮತ್ತು ಡಿ ಮಾತ್ರ. ಸಾಲದು ಅನ್ನಿಸಿತೋ, ಬಿ, ಸಿ, ಇ. ಅಂತೂ ಅರ್ಧ ಉತ್ತರ ಗೊತ್ತಿದ್ದರೂ ಅರ್ಧ ಜನರನ್ನು ಮನೆಗೆ ಕಳಿಸಬಹುದು.

"ಸರಿ, ಹೇಳಿಕೆ ಹೇಳು."

"ಒಂದು, ಎನ್ 6ರಿಂದ ಭಾಗವಾಗುತ್ತೆ. ಎರಡು, ಎನ್ 4ರಿಂದ ಭಾಗವಾಗುತ್ತೆ."

ನಾನು ನಕ್ಕೆ. "ಆರ್ ನಾಕ್ಲ ಇಪ್ಪತ್ನಾಕು. ಎರಡೂ ಸೇರಿದ್ರೆ ಸಾಕು. ಸಿ ಹಾಕು."

ಆಗ ನನ್ನಾಕೆ ಚಕ್ಕುಲಿ ಡಬ್ಬಿ ತಂದಿಟ್ಟಳು. ಕೈಯಲ್ಲಿ ತಟ್ಟೆಗಳಿದ್ದವು. ನಮ್ಮ ಮಾತು ಕೇಳಿಸಿಕೊಂಡವಳೇ ಚಕ್ಕುಲಿಗಳನ್ನು ಎರಡು ತಟ್ಟೆಗೆ ಆರಾರು ಜೋಡಿಸಿದಳು. ಡಬ್ಬಿ ಖಾಲಿ. ಮತ್ತೆ ತೆಗೆದು ಮೂರು ತಟ್ಟೆಗೆ ನಾಲ್ಕುನಾಲ್ಕು ಇಟ್ಟಳು. ಆಗಲೂ ಡಬ್ಬಿ ಖಾಲಿ, ಒಂದು ಚೂರೂ ಶೇಷವಿಲ್ಲ.

"ಆರರ ಲೆಕ್ಕಕ್ಕೂ ಸರಿಹೋಯ್ತು, ನಾಲ್ಕರ ಲೆಕ್ಕಕ್ಕೂ ಸರಿಹೋಯ್ತು. ಇರೋದು ಹನ್ನೆರಡೇ. ಇಪ್ಪತ್ನಾಲ್ಕು ಎಲ್ಲಿಂದ ತರ್ತೀರಿ ನೀವು?"

ಪುಟ್ಟಿ ಚಪ್ಪಾಳೆ ತಟ್ಟಿದಳು. "ಕರೆಕ್ಟ್ ದೊಡ್ಡಮ್ಮ! ಹನ್ನೆರಡಿದ್ರೆ ಆಗಲ್ಲ, ಇಪ್ಪತ್ನಾಲ್ಕಿದ್ರೆ ಆಗುತ್ತೆ. ಒಂದ್ಸಲ ಹೌದು, ಒಂದ್ಸಲ ಇಲ್ಲ. ಹಾಗಾಗಿ ಇ."

ತಪ್ಪು ಎಲ್ಲಾಯಿತು? 6ರ ಹೊಟ್ಟೆಯಲ್ಲಿರುವುದು 2 ಮತ್ತು 3. 4ರ ಹೊಟ್ಟೆಯಲ್ಲಿ 2 ಮತ್ತು 2. ಆರರೊಳಗಿನ ಎರಡೂ ನಾಲ್ಕರೊಳಗಿನ ಒಂದು ಎರಡೂ ಒಬ್ಬನೇ ಆಸಾಮಿ ಇರಬಹುದು, ಎರಡು ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವವನ ಹಾಗೆ. ನಾನು ಅವನನ್ನು ಇಬ್ಬರೆಂದು ಎಣಿಸಿದ್ದೆ. ಗುಣಿಸಬಾರದು, ಲ.ಸಾ.ಅ. ತೆಗೆಯಬೇಕು. 6 ಮತ್ತು 4ರ ಲ.ಸಾ.ಅ. 12, ಆದ್ದರಿಂದ ಈ ಎರಡು ಹೇಳಿಕೆಗಳು ಸೇರಿ 12ರವರೆಗೆ ಜಾಮೀನು ನಿಲ್ಲುತ್ತವೆ, ಅದರಾಚೆ ಇಲ್ಲ. ಅದೇ 8 ಮತ್ತು 3 ಎಂದಿದ್ದರೆ, ಅವಕ್ಕೆ ಒಳಗಿಂದೊಳಗೆ ನೆಂಟಸ್ತಿಕೆ ಇಲ್ಲದ್ದರಿಂದ, ಧೈರ್ಯವಾಗಿ 24 ಎನ್ನಬಹುದಿತ್ತು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು 9ನೇ ಶತಮಾನದಲ್ಲೇ ತಮ್ಮ 'ಗಣಿತಸಾರಸಂಗ್ರಹ'ದಲ್ಲಿ ಭಿನ್ನರಾಶಿಗಳ ಛೇದಗಳ ಲ.ಸಾ.ಅ.ಗೆ 'ನಿರುದ್ಧ' ಎಂದು ಹೆಸರಿಟ್ಟು ವಿವರಿಸಿದ್ದಾರೆ. ಸಾವಿರದ ನೂರು ವರ್ಷಗಳಿಗೂ ಹಿಂದೆ ನಮ್ಮ ನಾಡಿನಲ್ಲೇ ಹೇಳಿಕೊಟ್ಟ ಪಾಠವನ್ನು ನಾನು ಚಕ್ಕುಲಿಯಿಂದ ಕಲಿಯಬೇಕಾಯಿತು.

"ಇನ್ನೊಂದು ಕೊಡು" ಎಂದೆ. ಸೋತ ಜೂಜುಗಾರರೆಲ್ಲ ಹೇಳುವ ಮಾತೇ ಅದು.

"ಎನ್ 12ರಿಂದ ಭಾಗವಾಗುತ್ತಾ? ಒಂದು, ಎನ್ 3ರಿಂದ ಭಾಗವಾಗುತ್ತೆ. ಎರಡು, ಎನ್ 4ರಿಂದ ಭಾಗವಾಗುತ್ತೆ."

ಒಂದನೆಯದನ್ನು ನೋಡಿದೆ. 3ರಿಂದ ಮಾತ್ರ ಭಾಗವಾದರೆ 12 ಆಗಬೇಕೆಂದೇನಿಲ್ಲ, ಸಾಲದು. ಎರಡನೆಯದಕ್ಕೆ ಬಂದೆ. ಓಹೋ, 4 ಇದೆ, 3 ಹೇಗೂ ಇದ್ದೇ ಇದೆ, ಮೂರ್ ನಾಕ್ಲ ಹನ್ನೆರಡು. "ಎರಡನೆಯದೊಂದೇ ಸಾಕು. ಬಿ."

"ಆ 3 ಎಲ್ಲಿಂದ ಬಂತು ದೊಡ್ಡಪ್ಪ?"

ಎಲ್ಲಿಂದ ಬಂತು? ಒಂದನೇ ಹೇಳಿಕೆಯಿಂದ ನನ್ನ ತಲೆಗೆ ಅಂಟಿಕೊಂಡು ಬಂದಿತ್ತು. ಎರಡನೆಯದನ್ನು ತೂಗುವಾಗ ಒಂದನೆಯದನ್ನು ಪೂರ್ತಿ ಮರೆತುಬಿಡಬೇಕು. ಇಲ್ಲಿ ಎಡವುವವರೇ ಹೆಚ್ಚಂತೆ. ಆಗ ನನಗೆ ನಮ್ಮಜ್ಜಿಯ ಮಡಿ ಅರ್ಥವಾಯಿತು. ಸ್ನಾನ ಮಾಡಿ, ಗಳುವಿನ ಮೇಲಿನ ಮಡಿಸೀರೆಯನ್ನು ಕೋಲಿನಲ್ಲಿ ಎಳೆದುಕೊಂಡು ಉಟ್ಟು ಅಡುಗೆಮನೆ ಹೊಕ್ಕರೆ ನಾವು ಹತ್ತು ಅಡಿ ದೂರ. ಜಿಮ್ಯಾಟ್ ಹೇಳಿಕೆಗಳದ್ದೂ ಅದೇ ವ್ರತ. ಒಂದನೆಯದರ ಮೈಲಿಗೆ ಎರಡನೆಯದಕ್ಕೆ ತಾಗಬಾರದು. ಎರಡೂ ಒಂದೊಂದಾಗಿ ಸೋತ ಮೇಲೆ ಮಾತ್ರ ಪಂಕ್ತಿಯಲ್ಲಿ ಜೊತೆಗೆ ಕೂರಿಸಬಹುದು. ಹಾಗೆ ಕೂರಿಸಿದರೆ ಇಲ್ಲಿ ಉತ್ತರ ಸಿ.

ಈ ಹೇಳಿಕೆಗಳಲ್ಲಿ ಒಂದು ದೊಡ್ಡ ಗುಣವನ್ನೂ ಕಂಡೆ. ಎರಡೂ ನಿಜವನ್ನೇ ಹೇಳುತ್ತವೆ, ಒಂದರ ಮಾತನ್ನು ಇನ್ನೊಂದು ಅಲ್ಲಗಳೆಯುವುದಿಲ್ಲ. ಟಿವಿ ಚರ್ಚೆ ನೋಡಿ ಪಳಗಿದ ನನಗೆ ಇದನ್ನು ನಂಬಲು ಎರಡು ದಿನ ಹಿಡಿಯಿತು.

ಮೂರನೇ ದಿನದ ಪ್ರಶ್ನೆ: ಎನ್ 6ರಿಂದ ಭಾಗವಾಗುತ್ತದೆಯೇ? ಹೇಳಿಕೆ: ಎನ್‌ಅನ್ನು 4ರಿಂದ ಭಾಗಿಸಿದರೆ 3 ಶೇಷ ಉಳಿಯುತ್ತದೆ.

ಈ ಸಲ ಹಾಳೆ ಪೆನ್ನು ಹಿಡಿದೇ ಕೂತೆ. 3, 7, 11, 15, 19. ಎಲ್ಲ ಬೆಸ ಸಂಖ್ಯೆಗಳು. ಬೆಸ ಸಂಖ್ಯೆ 6ರಿಂದ ಭಾಗವಾಗುವ ಮಾತೇ ಇಲ್ಲ. "ಆಗಲ್ಲ ಕಣಮ್ಮ. ಸಾಲದು" ಎಂದೆ.

"ಆಗಲ್ಲ ಅಂತ ಖಂಡಿತ ಗೊತ್ತಾಯ್ತಲ್ಲ?"

"ಖಂಡಿತ."

"ಹಾಗಾದ್ರೆ ಸಾಕು! 'ಇಲ್ಲ' ಅನ್ನೋದೂ ಉತ್ತರವೇ ದೊಡ್ಡಪ್ಪ. ಒಂದ್ಸಲ ಹೌದು, ಒಂದ್ಸಲ ಇಲ್ಲ ಅಂತ ಬಂದ್ರೆ ಮಾತ್ರ ಸಾಲದು."

ನೋಡಿ, ಇಲ್ಲಿ ತಪ್ಪು ನನ್ನದಲ್ಲ, ನಾನು ಬೆಳೆದ ವಾತಾವರಣದ್ದು. 'ಇಲ್ಲ' ಎನ್ನುವುದನ್ನು ಉತ್ತರವೆಂದು ನಮ್ಮಲ್ಲಿ ಯಾರು ಹೇಳುತ್ತಾರೆ? ಹುಡುಗಿ ನೋಡಲು ಬಂದವರು ಉಪ್ಪಿಟ್ಟು ಕೇಸರಿಬಾತು ಮುಗಿಸಿ, ಕೈ ತೊಳೆದು, 'ಊರಿಗೆ ಹೋಗಿ ಕಾಗದ ಬರೀತೀವಿ' ಎನ್ನುತ್ತಿದ್ದರು. ಕೈಸಾಲ ಕೇಳಿದರೆ 'ನೋಡೋಣ'. ಮದುವೆಗೆ ಕರೆದರೆ 'ಬರೋಕೆ ಪ್ರಯತ್ನ ಮಾಡ್ತೀವಿ'. ನೇರವಾಗಿ 'ಇಲ್ಲ' ಎಂದವರನ್ನು ಒರಟರು ಎಂದು ಮೂರು ತಲೆಮಾರು ನೆನಪಿಟ್ಟುಕೊಳ್ಳುವ ಜನ ನಾವು. ಜಿಮ್ಯಾಟ್‌ನವರ ಕಣ್ಣಲ್ಲಿ ಆ ಒರಟನೇ ದೇವರಂಥ ಮನುಷ್ಯ, 'ನೋಡೋಣ' ಎಂದವನು ಇ.

ಅಷ್ಟರಲ್ಲಿ ನನಗೂ ಹುಮ್ಮಸ್ಸು ಬಂದಿತ್ತು. ಬೆಳಿಗ್ಗೆ ವಾಕಿಂಗ್ ಹೊರಟರೆ ಎದುರಿಗೆ ಬಂದ ಆಟೋಗಳ ನಂಬರು ಕೂಡಿಸಿ 9ರಿಂದ ಭಾಗವಾಗುತ್ತದೆಯೇ ನೋಡುತ್ತಿದ್ದೆ. ಅಂಕಿಗಳ ಮೊತ್ತ 9ರಿಂದ ಹೋದರೆ ಸಂಖ್ಯೆಯೂ 9ರಿಂದ ಹೋಗುತ್ತದೆ. ಒಂದು ಆಟೋವನ್ನು ಹೀಗೆ ಪರೀಕ್ಷಿಸುತ್ತಾ ನಿಂತಾಗ ಚಾಲಕ ಬಂದು "ಎಲ್ಲಿಗೆ ಸಾರ್?" ಎಂದ. "ಎಲ್ಲಿಗೂ ಇಲ್ಲ" ಎಂದೆ. ಖಡಾಖಂಡಿತ 'ಇಲ್ಲ'. ಸಾಕಾಗುವ ಉತ್ತರ. ಅವನು ಮಾತ್ರ ತೃಪ್ತನಾದ ಹಾಗೆ ಕಾಣಲಿಲ್ಲ.

ಆ ಹುಮ್ಮಸ್ಸಿನಲ್ಲೇ ಬಿದ್ದ ಹಳ್ಳ ಇದು: ಎನ್ 3ರಿಂದ ಭಾಗವಾಗುತ್ತದೆಯೇ? ಹೇಳಿಕೆ: ಎನ್‌ನ ಎರಡರಷ್ಟು 3ರಿಂದ ಭಾಗವಾಗುತ್ತದೆ.

"ಎರಡರೊಳಗೆ ಮೂರು ಇಲ್ಲ. ಹಾಗಾಗಿ ಮೂರು ಎನ್‌ನಿಂದಲೇ ಬಂದಿರಬೇಕು. ಸಾಕು!"

"ಎನ್ ಪೂರ್ಣಾಂಕ ಅಂತ ಎಲ್ಲಿ ಹೇಳಿದೆ?"

ಪ್ರಶ್ನೆಯನ್ನು ಮತ್ತೆ ಓದಿದೆ. ಎಲ್ಲೂ ಹೇಳಿರಲಿಲ್ಲ.

"ಎನ್ ಒಂದೂವರೆ ಇರಬಹುದಲ್ಲ ದೊಡ್ಡಪ್ಪ. ಎರಡರಷ್ಟು ಮಾಡಿದ್ರೆ ಮೂರು ಆಗುತ್ತೆ. ಆದ್ರೆ ಒಂದೂವರೆ ಮೂರರಿಂದ ಭಾಗವಾಗಲ್ಲ."

ಎರಡ್ ಒಂದೂವರೆ ಮೂರು. ಅರವತ್ತು ವರ್ಷ ಎದೆಗಪ್ಪಿಕೊಂಡು ಸಾಕಿದ ಮಗ್ಗಿಯೇ ಬೆನ್ನಿಗೆ ಚೂರಿ ಹಾಕಿತ್ತು. ಒಳಗಿನಿಂದ ನನ್ನಾಕೆ ನಕ್ಕ ಸದ್ದು ಬಂತು. ಸೊನ್ನೆಯದೂ ಇಂಥದೇ ಕಥೆ. ನಾವು ಉದಾಹರಣೆ ಹುಡುಕುವಾಗ 6, 12, 18 ಎಂದು ಹೊರಡುತ್ತೇವೆ, ಮೂಲೆಯಲ್ಲಿ ಕೂತ ಸೊನ್ನೆಯನ್ನು ಮಾತಾಡಿಸುವುದೇ ಇಲ್ಲ. ಯಾವ ಸಂಖ್ಯೆ ಭಾಗಿಸಲು ಬಂದರೂ ಸೊನ್ನೆ ಬೇಡವೆನ್ನುವುದಿಲ್ಲ, ಶೇಷವನ್ನೂ ಉಳಿಸುವುದಿಲ್ಲ. ಆದರೆ ಸೊನ್ನೆಯೇ ಭಾಗಿಸಲು ಬಂದರೆ ಮಾತ್ರ ಯಾರೂ ಬಾಗಿಲು ತೆಗೆಯುವುದಿಲ್ಲ.

ಆಮೇಲೆ ವರ್ಗದ ಪ್ರಶ್ನೆಗಳು ಬಂದವು. ಬ್ಯಾಂಕಿನವನಿಗೆ ವರ್ಗ ಎಂದರೆ ಗಂಟುಮೂಟೆ ಕಟ್ಟುವುದು, ಪುಟ್ಟಿಗೆ ವರ್ಗ ಎಂದರೆ ಎನ್‌ಅನ್ನು ಎನ್‌ನಿಂದಲೇ ಗುಣಿಸುವುದು. ಎನ್ ಪೂರ್ಣಾಂಕವೇ ಎಂದು ಈ ಸಲ ಮೊದಲೇ ಬರೆಸಿಕೊಂಡೆ. ಎನ್‌ನ ವರ್ಗ 15ರಿಂದ ಭಾಗವಾದರೆ ಎನ್ ಕೂಡ 15ರಿಂದ ಭಾಗವಾಗುತ್ತದೆಯೇ? ಆಗುತ್ತದೆ, ಸಾಕು. ಎನ್‌ನ ವರ್ಗ 12ರಿಂದ ಭಾಗವಾದರೆ ಎನ್ 12ರಿಂದ ಭಾಗವಾಗುತ್ತದೆಯೇ? ಸಾಲದು. 6ರ ವರ್ಗ 36 ಅಲ್ಲವೇ? ಅದು 12ರಿಂದ ಹೋಗುತ್ತದೆ, ಆದರೆ 6 ಹೋಗುವುದಿಲ್ಲ. 12ಅನ್ನೇ ಇಟ್ಟರೆ ಎರಡೂ ಹೋಗುತ್ತವೆ. 15ಕ್ಕೊಂದು ನ್ಯಾಯ, 12ಕ್ಕೊಂದು ನ್ಯಾಯ ಏಕೆ?

ಪುಟ್ಟಿ ಏನೇನೋ ಗೀಚಿ ತೋರಿಸಿದಳು, ತಲೆಗೆ ಹತ್ತಲಿಲ್ಲ. ಕೊನೆಗೆ ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ ಕೂತಿದ್ದಾಗ ಹೊಳೆಯಿತು. ವರ್ಗಸಂಖ್ಯೆಯ ಮನೆಗೆ ಅವಿಭಾಜ್ಯಗಳು ಬರುವುದು ದಂಪತಿ ಸಮೇತ. ಒಂದು 3 ಕಣ್ಣಿಗೆ ಬಿತ್ತೆಂದರೆ ಅದರ ಜೋಡಿ ಇನ್ನೊಂದು 3 ಅಲ್ಲೇ ಎಲ್ಲೋ ಮಾತಾಡುತ್ತಾ ನಿಂತಿರಲೇಬೇಕು. ಒಂದು ದಂಪತಿ ಎಂದರೆ ಎನ್‌ನೊಳಗೆ ಒಂದು 3. 15 ಎಂದರೆ 3 ಮತ್ತು 5, ಒಂದೊಂದು ಮುಖ ಕಂಡರೆ ಎರಡು ಸಂಸಾರ ಬಂದಿವೆ ಎಂದು ಖಾತ್ರಿ. ಆದರೆ 12 ಎಂದರೆ 2, 2 ಮತ್ತು 3. ಎರಡು 2ಗಳು ಕಂಡವಲ್ಲ, ಅವರಿಬ್ಬರೂ ಒಂದೇ ಸಂಸಾರದ ಗಂಡ ಹೆಂಡತಿ ಇರಬಹುದು. ಆಗ ಎನ್‌ನಲ್ಲಿರುವುದು ಒಂದೇ 2. ಹಾಗಾಗಿ ವರ್ಗ 12ರಿಂದ ಹೋದರೆ ಎನ್ 6ರಿಂದ ಹೋಗುತ್ತದೆ ಎಂದಷ್ಟೇ ಪ್ರಮಾಣ ಮಾಡಬಹುದು. ಇದನ್ನು ಪುಟ್ಟಿಗೆ ಹೇಳಿದೆ. ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು! ನನ್ನ ಬಾಯಿಂದ ಬಂದ ಮಾತನ್ನು ಯಾರಾದರೂ ಬರೆದುಕೊಂಡದ್ದು ಅದೇ ಮೊದಲು.

ಅದೇ ಗುಂಗಿನಲ್ಲಿ ಒಂದು ಪ್ರಶ್ನೆಯನ್ನು ಪೂರ್ತಿ ನಾನೊಬ್ಬನೇ ಗೆದ್ದೆ. ಹೇಳಿಕೊಳ್ಳದಿದ್ದರೆ ಊಟ ಸೇರುವುದಿಲ್ಲ. ಎನ್ ಪೂರ್ಣಾಂಕ. ಎನ್‌ನ ಘನದಿಂದ ಎನ್ ಕಳೆದರೆ ಬರುವ ಸಂಖ್ಯೆ 24ರಿಂದ ಭಾಗವಾಗುತ್ತದೆಯೇ? ಹೇಳಿಕೆ ಒಂದು: ಎನ್ ಬೆಸ. ಹೇಳಿಕೆ ಎರಡು: ಎನ್ 3ರಿಂದ ಭಾಗವಾಗುತ್ತದೆ.

ಘನದಿಂದ ಎನ್ ಕಳೆಯುವುದೆಂದರೆ ಮತ್ತೇನಲ್ಲ, ವಠಾರದ ಸಾಲಿನಲ್ಲಿ ಎನ್‌ನ ಮನೆ, ಅದರ ಹಿಂದಿನದು, ಮುಂದಿನದು, ಈ ಮೂರು ಮನೆಯ ನಂಬರುಗಳ ಗುಣಲಬ್ಧ. ನಡುಮನೆ ಬೆಸವಾದರೆ ಅಕ್ಕಪಕ್ಕದವೆರಡೂ ಸಮ. ಒಂದರ ಮುಂದೊಂದು ಬರುವ ಎರಡು ಸಮಸಂಖ್ಯೆಗಳಲ್ಲಿ ಒಂದು 4ರಿಂದ ಹೋಗಲೇಬೇಕು, ಇನ್ನೊಂದು 2ರಿಂದ. ಅಲ್ಲಿಗೆ 8 ಆಯಿತು. ಸಾಲಾಗಿರುವ ಮೂರು ಮನೆಗಳಲ್ಲಿ ಒಂದು 3ರಿಂದ ಹೋಗುತ್ತದೆ. ಎಂಟ್ ಮೂರ್ಲ ಇಪ್ಪತ್ನಾಲ್ಕು. ಸಾಕು! ಇನ್ನು ಮಡಿಯುಟ್ಟು ಎರಡನೆಯದಕ್ಕೆ ಬಂದೆ. ಎನ್ 3 ಆದರೆ 24 ಬರುತ್ತದೆ, ಹೌದು. ಎನ್ 6 ಆದರೆ 216ರಲ್ಲಿ 6 ಕಳೆದು 210, ಅದನ್ನು 24ರಿಂದ ಭಾಗಿಸಿದರೆ 18 ಶೇಷ, ಇಲ್ಲ. ಸಾಲದು. ಹಾಗಾಗಿ ಎ. ಹಾಳೆಯ ಕೆಳಗೆ ಎರಡು ಗೆರೆ ಎಳೆದೆ.

"ಎಷ್ಟು ಹೊತ್ತಾಯ್ತು ದೊಡ್ಡಪ್ಪ?"

"ಮುಕ್ಕಾಲು ಗಂಟೆ."

ಅದೇ ಹೊತ್ತಿನಲ್ಲಿ ಅವಳ ವಿಭಾಗದ 20 ಪ್ರಶ್ನೆಗಳೂ ಮುಗಿದಿರಬೇಕು.

ಆ ರಾತ್ರಿ ನನ್ನಾಕೆ ಹೇಳಿದಳು: "ಇದರಲ್ಲಿ ಹೊಸದೇನಿದೆ ರೀ? ಇಷ್ಟು ವರ್ಷ ಬ್ಯಾಂಕಲ್ಲಿ ನೀವು ಮಾಡಿದ್ದೂ ಇದೇ ಅಲ್ವಾ?"

ಹೌದಲ್ಲ! ಸಾಲ ಕೇಳಿ ಬಂದವರು ಪಹಣಿ ತಂದರೆ ಇದೊಂದೇ ಸಾಲದು, ಇಸಿ ತಂದರೆ ಅದೊಂದೇ ಸಾಲದು, ಎರಡನ್ನೂ ಪಿನ್ ಮಾಡಿ ತಂದರೆ ಮೇಲಿನವರನ್ನು ಕೇಳಿ ಹೇಳ್ತೀವಿ. ಸಾಲದ ಕೌಂಟರಿನಲ್ಲಿ ಕೂತು ದಿನವಿಡೀ 'ಸಾಲದು' ಎಂದವನು ನಾನು. ಯಾವ ಪ್ರಶ್ನೆಗೆ ಸಾಲದು ಎಂದು ಮಾತ್ರ ನಾನೂ ಕೇಳಿಕೊಳ್ಳಲಿಲ್ಲ, ಅವರೂ ಕೇಳಲಿಲ್ಲ.

ಪುಟ್ಟಿ ಪರೀಕ್ಷೆ ಬರೆದ ದಿನ ಮಧ್ಯಾಹ್ನ ಫೋನು ಬಂತು. ಮುಗಿಸಿದ ಕೂಡಲೇ ಪರದೆಯ ಮೇಲೆ ಅಂಕ ತೋರಿಸುತ್ತಾರಂತೆ.

"ಎಷ್ಟಮ್ಮ?"

"ಹಾಗೆಲ್ಲ ಹೇಳಲ್ಲ ದೊಡ್ಡಪ್ಪ. ನನ್ನ ಸ್ಕೋರ್ ಎಷ್ಟು? ಹೇಳಿಕೆ ಒಂದು, ಅದು 9ರಿಂದ ಭಾಗವಾಗುತ್ತೆ. ಹೇಳಿಕೆ ಎರಡು, ಅದು 600ಕ್ಕೂ 700ಕ್ಕೂ ನಡುವೆ ಇದೆ. ಉತ್ತರ ಬೇಡ. ಸಾಕಾ, ಸಾಲದಾ?"

ಕರೆಂಟ್ ಬಿಲ್ಲಿನ ಹಿಂಭಾಗಕ್ಕೆ ಬಿದ್ದೆ. ಜಿಮ್ಯಾಟ್‌ನ ಒಟ್ಟು ಅಂಕ 205ರಿಂದ 805ರವರೆಗೆ, ಹತ್ತುಹತ್ತರ ಮೆಟ್ಟಿಲು. 205, 215, 225... ಎಲ್ಲವೂ 5ರಲ್ಲೇ ಕೊನೆಯಾಗುತ್ತವೆ. ಯಾರು ಎಷ್ಟೇ ತೆಗೆದರೂ ಅದು 5ರಿಂದ ಭಾಗವಾಗುತ್ತದೆ, 10ರಿಂದ ಆಗುವುದೇ ಇಲ್ಲ. ಹಾಗಾದರೆ 9ರ ಜೊತೆ 5ನ್ನೂ ಸೇರಿಸಿ 45ರ ಬೆಸ ಅಪವರ್ತ್ಯಗಳು: 225, 315, 405, 495, 585, 675, 765. ಒಂದನೆಯದೊಂದೇ ಸಾಲದು. ಎರಡನೆಯದೊಂದೇ ಹಿಡಿದರೆ 605ರಿಂದ 695ರವರೆಗೆ ಹತ್ತು ಇವೆ, ಅದೂ ಸಾಲದು. ಎರಡೂ ಸೇರಿದರೆ...

"ಸಿ!" ಎಂದು ಕೂಗಿದೆ.

"ಕರೆಕ್ಟ್!" ಎಂದು ಫೋನ್ ಇಟ್ಟೇಬಿಟ್ಟಳು.

ನನ್ನಾಕೆ ಅಡುಗೆಮನೆಯಿಂದ ಇಣುಕಿದಳು. "ಎಷ್ಟಂತೆ?"

"ಆರುನೂರ ಎಪ್ಪತ್ತೈದು."

"ಅಷ್ಟಕ್ಕೆ ಅವಳು ಕೇಳಿದ ಕಾಲೇಜಲ್ಲಿ ಸೀಟು ಸಿಗುತ್ತಾ?"

ನಾನು ಕನ್ನಡಕ ತೆಗೆದೆ. ಈ ತಿಂಗಳ ತಪಸ್ಸು ವ್ಯರ್ಥವಾಗಬಾರದು. "ಅದನ್ನ ಹೇಳೋಕೆ ಈ ಮಾಹಿತಿ ಸಾಲದು ಕಣೇ. ಇ."

"ಸಾಲದಿದ್ರೆ ಬೇಡ ಬಿಡಿ" ಎನ್ನುತ್ತಾ ಅವಳು ಕಡಲೆಬೇಳೆಯ ಡಬ್ಬಿ ಕೆಳಗಿಳಿಸಿದಳು. "ಹೋಳಿಗೆ ಮಾಡೋಕೆ ಇಷ್ಟು ಸಾಕು."